ಬ್ರೇಕ್ ವ್ಯಾನ್ ಎತ್ತಿದ ಮಳೆಗಾಲ

ಮೊನ್ನೆ ಹೊಸ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಕಾಪುವಿನ ಟೈಲರ್ ಅಂಗಡಿಯಲ್ಲಿ ಕುಳಿತಿದ್ದೆ. ಹೊರಗೆ ಮಳೆ ಹಿಡಿದಿತ್ತು. ಟೈಲರ್ ಹೊಲಿಗೆ ಯಂತ್ರದ ತಲೆಯನ್ನು ಹಿಂದಕ್ಕೆ ಮಗುಚಿ, ಮೂತಿ ಉದ್ದದ ಪುಟ್ಟ ಡಬ್ಬಿಯಿಂದ ನಾಲ್ಕು ಹನಿ ಎಣ್ಣೆ ಬಿಟ್ಟ. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕಿವಿ ಬಿಸಿಯಾಯಿತು. ಐವತ್ತು ದಾಟಿದ ಮನುಷ್ಯನಿಗೆ ಎಣ್ಣೆಯ ವಾಸನೆಯಿಂದ ನಾಚಿಕೆಯಾಗುತ್ತದೆ ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನನಗೆ ಆಗುತ್ತದೆ. ಅದೇ ಎಣ್ಣೆಯನ್ನು ನಾನು ನನ್ನ ಆಟದ ಗೂಡ್ಸ್ ಗಾಡಿಗಳ ಚಕ್ರಕ್ಕೆ ಬಿಡುತ್ತೇನೆ. ಎರಡು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ ಅದೇ ಎಣ್ಣೆ ಮೆತ್ತಿದ ಬೆರಳುಗಳಿಂದ ನಾನೊಂದು ಕೆಲಸ ಮಾಡಿದೆ.

ನಾನು ಕಾಪುವಿನ ಹತ್ತಿರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮನೆ ಉಡುಪಿಯ ಅಂಬಲಪಾಡಿಯಲ್ಲಿ. ಮಹಡಿಯ ಮೇಲೊಂದು ಉದ್ದನೆಯ ಕೋಣೆಯಿದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಎಂದು ಕಟ್ಟಿಸಿದ್ದು. ಅದರ ಮೂರು ಗೋಡೆಗೆ ತಾಗಿಸಿ ಪ್ಲೈವುಡ್ ಹಲಗೆ ಹಾಕಿ, ಅದರ ಮೇಲೆ ನಾನು ರೈಲು ಮಾರ್ಗ ಮಾಡಿಕೊಂಡೆ. ಬಟ್ಟೆಯ ಹಗ್ಗಗಳು ಹಲಗೆಯ ಅಡಿಗೆ ಹೋದವು. ಮೇಲೆ ರೈಲು, ಕೆಳಗೆ ಲುಂಗಿ, ಟವೆಲು. "ಬೇರೆಯವರ ಗಂಡಂದಿರು ಕುಡೀತಾರೆ, ಇಸ್ಪೀಟು ಆಡ್ತಾರೆ. ಅದಕ್ಕಾದರೆ ಬೈಯಲಿಕ್ಕೆ ಒಂದು ಕ್ರಮ ಉಂಟು. ಇದಕ್ಕೆ ಎಂತ ಹೇಳಿ ಬೈಯುವುದು?" ಎಂದು ನನ್ನ ಹೆಂಡತಿ ಶೈಲಾ ಬಂದವರ ಎದುರೆಲ್ಲ ಕೇಳುತ್ತಿದ್ದಳು.

ಒಂದು ವ್ಯಾಗನ್ ಎಂದರೆ ನನ್ನ ಅಂಗೈಯಷ್ಟು ಉದ್ದ, ಎರಡು ಬೆರಳಿನಷ್ಟು ಅಗಲ. ಮಾರ್ಗ ನಮ್ಮ ಕರಾವಳಿಯ ಹಾಗೆ ಒಂಟಿ ಹಳಿಯದು. ಒಂದು ತುದಿಗೆ ಗುಡ್ಡದಂಗಡಿ, ಇನ್ನೊಂದು ತುದಿಗೆ ಕಡಲಪೇಟೆ ಎಂದು ನಾನೇ ಹೆಸರಿಟ್ಟ ಎರಡು ಸ್ಟೇಷನ್ನುಗಳು. ನಡುವೆ ಥರ್ಮೋಕೋಲಿನ ಮೇಲೆ ಕೆಂಪುಕಲ್ಲಿನ ಪುಡಿ ಅಂಟಿಸಿ ಮಾಡಿದ ಗುಡ್ಡ, ಅದರೊಳಗೆ ಸುರಂಗ. ಗುಡ್ಡವಿರುವಲ್ಲಿ ಮಾತ್ರ ಹಲಗೆಯನ್ನು ಗೋಡೆಯಿಂದ ಸ್ವಲ್ಪ ಈಚೆಗೆ ನಿಲ್ಲಿಸಿ, ಗುಡ್ಡದ ಬೆನ್ನಿನಲ್ಲಿ ಒಂದು ಸಣ್ಣ ಬಾಗಿಲಿಟ್ಟಿದ್ದೆ. ಒಳಗೆ ಗಾಡಿ ಸಿಕ್ಕಿಕೊಂಡರೆ ಆ ಸಂದಿಯಲ್ಲಿ ನಿಂತು ಕೈ ಹಾಕಲಿಕ್ಕೆ. ಆದರೆ ಓಡುವ ಗಾಡಿಗೆ ಕೈ ಹಾಕುವುದು ನಮ್ಮಂಥ ಹುಚ್ಚರ ನಡುವೆ ದೊಡ್ಡ ಅವಮಾನ. ಹಳಿ ತಪ್ಪಿದರೆ 'ತಪ್ಪಿತು' ಎಂದು ಹೇಳಿ ಆಟ ನಿಲ್ಲಿಸಿಯೇ ಎತ್ತಬೇಕು. ಕದ್ದು ಎತ್ತಬಾರದು.

ಆ ವರ್ಷ ಜೂನಿನಲ್ಲಿ ಕಾಲೇಜು ಶುರುವಾದ ಮೊದಲ ದಿನ, ಕಾಪುವಿನಲ್ಲಿ ಹೆದ್ದಾರಿಯ ನಡುವೆ ಒಬ್ಬ ಹಿರಿಯರು ಕೆಂಪು ಬಾವುಟ ಹಿಡಿದು ನನ್ನ ಸ್ಕೂಟರನ್ನು ನಿಲ್ಲಿಸಿದರು. ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸರೂ ಶಾಲೆಯ ಮಕ್ಕಳೂ ಸಾಲಾಗಿ ರಸ್ತೆ ದಾಟಿದರು. ಆ ಹಿರಿಯರು ತುಟಿ ಅಲ್ಲಾಡಿಸುತ್ತ ಎಣಿಸಿದರು. ಕೊನೆಯವರು ಆಚೆ ಮುಟ್ಟಿದ ಮೇಲೆ ಕೆಂಪನ್ನು ಸುತ್ತಿ ಕಂಕುಳಲ್ಲಿಟ್ಟು ಹಸಿರು ಬಿಚ್ಚಿ ತೋರಿಸಿದರು. ಆ ಬಾವುಟ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ರೈಲಿನದ್ದು. ನಾನು ಸ್ಕೂಟರನ್ನು ಬದಿಗೆ ಹಾಕಿ ಮಾತಾಡಿಸಿದೆ.

ಅವರ ಹೆಸರು ಸಂಜೀವಣ್ಣ. ಮೂಲತಃ ಬೆಳ್ಮಣ್ಣಿನವರು. ಮೂವತ್ತನಾಲ್ಕು ವರ್ಷ ಹುಬ್ಬಳ್ಳಿಯ ಕಡೆ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು, ಈಗ ಕಾಪುವಿನಲ್ಲಿ ಮಗಳು ಮಮತಾಳ ಮನೆಯಲ್ಲಿದ್ದರು. ಹಿಂದಿನ ವರ್ಷ ಅದೇ ಜಾಗದಲ್ಲಿ ಒಬ್ಬ ಹೆಂಗಸಿಗೆ ಬೈಕ್ ತಾಗಿ ಕಾಲು ಮುರಿದದ್ದನ್ನು ಕಂಡ ಮೇಲೆ, ಮರುದಿನದಿಂದ ತಾವೇ ಬಾವುಟ ತೆಗೆದುಕೊಂಡು ಬಂದು ನಿಂತಿದ್ದರಂತೆ. ಯಾರೂ ನೇಮಿಸಿದ್ದಲ್ಲ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಐದೂವರೆ. ಅವರ ಒಂದು ಕ್ರಮ ನನಗೆ ಬಹಳ ಹಿಡಿಸಿತು. ನಾವಿಬ್ಬರೂ ತುಳು ಮನೆಮಾತಿನವರು. ಊರು, ಊಟ, ಮಳೆಯ ಸುದ್ದಿಯೆಲ್ಲ ತುಳುವಿನಲ್ಲಿ. ಆದರೆ ರೈಲಿನ ಮಾತು ಬಂದೊಡನೆ ಅವರು ಅಂಗಿ ಬದಲಾಯಿಸಿದ ಹಾಗೆ ಕನ್ನಡಕ್ಕೆ ಬರುತ್ತಿದ್ದರು. ಡ್ಯೂಟಿಯ ಭಾಷೆ ಅವರಿಗೆ ಕನ್ನಡ.

ಮುಂದಿನ ಭಾನುವಾರ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ನಾನು ಹೆಮ್ಮೆಯಿಂದ ಇದ್ದಬದ್ದ ವ್ಯಾಗನ್ನುಗಳನ್ನೆಲ್ಲ ಒಂದೇ ಎಂಜಿನ್ನಿಗೆ ಕಟ್ಟಿ ಬಿಟ್ಟೆ. ಗಾಡಿ ಗುಡ್ಡ ಹೊಕ್ಕು ಕಡಲಪೇಟೆ ದಾಟಿ, ಬಾಗಿಲಿಗೆ ಅಡ್ಡವಾಗಿಟ್ಟ ತೆಗೆದಿಡುವ ಸೇತುವೆಯ ಮೇಲೆ ಹಾದು ಮತ್ತೆ ಗುಡ್ಡದಂಗಡಿಗೆ ಬಂತು. ಸಂಜೀವಣ್ಣ ಕೈ ಹಿಂದೆ ಕಟ್ಟಿಕೊಂಡು ಮೂರು ಸುತ್ತು ನೋಡಿದರು.

"ಇದು ಎಲ್ಲಿಗೆ ಹೋಗ್ತದೆ ಮಾಷ್ಟ್ರೇ?"

"ಎಲ್ಲಿಗೂ ಇಲ್ಲ. ಸುತ್ತು ಬರ್ತದೆ."

"ಒಳಗೆ ಎಂತ ಉಂಟು?"

"ಏನೂ ಇಲ್ಲ."

"ಖಾಲಿ ಗಾಡಿಗೆ ಇಷ್ಟು ಅವಸರ ಯಾಕೆ?"

ಹನ್ನೆರಡು ವರ್ಷದಿಂದ ರೈಲು ಓಡಿಸುತ್ತಿದ್ದೆ, ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ.

ಆ ಮಳೆಗಾಲದ ಮೊದಲ ಎರಡು ತಿಂಗಳು ನನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಸೇರುತ್ತವೆ ಎಂದು ಹೇಳಲು ಈಗ ಬಾಯಿ ಬರುವುದಿಲ್ಲ, ಆದರೂ ಅದು ನಿಜ. ಸಂಜೀವಣ್ಣ ಪ್ರತಿ ವ್ಯಾಗನ್ನಿಗೂ ಒಂದು ಚೀಟಿ ಬರೆದರು: ಎಲ್ಲಿಂದ, ಎಲ್ಲಿಗೆ, ಒಳಗೇನು. ಕಲ್ಲಿದ್ದಲಿನ ಗಾಡಿ ಬೇರೆ, ಸಿಮೆಂಟಿನದ್ದು ಬೇರೆ, ಗೊಬ್ಬರದ್ದು ಬೇರೆ. ಕಲ್ಲಿದ್ದಲಿಗೆ ತೆಂಗಿನ ಗೆರಟೆಯ ಮಸಿ ಕುಟ್ಟಿ ತುಂಬಿದೆವು. ಗೊಬ್ಬರಕ್ಕೆ ಶೈಲಾ ಸಾಸಿವೆ ಕೊಟ್ಟಳು. ಪೆಟ್ರೋಲ್ ಟ್ಯಾಂಕರುಗಳನ್ನು ನಾನು ಎಂಜಿನ್ನಿಗೆ ನೇರ ಕಟ್ಟಿದ್ದನ್ನು ನೋಡಿ ಅವರು ನಿಜವಾಗಿ ಗಾಬರಿಯಾದರು. "ನಡುವೆ ಒಂದು ಬೇರೆ ಡಬ್ಬಿ ಹಾಕಿ ಮಾರಾಯ್ರೇ! ಬೆಂಕಿ ತಾಗಿದರೆ?" ನಮ್ಮ ಕಡೆಯ ನಿಜವಾದ ಹಳಿಗಳ ಮೇಲೆ ಲಾರಿಗಳನ್ನೇ ಹೊತ್ತು ಹೋಗುವ ಗಾಡಿಯಿದೆಯಲ್ಲ, ಅದರಂತೆ ನಾನೂ ಚಪ್ಪಟೆ ವ್ಯಾಗನ್ನುಗಳ ಮೇಲೆ ಆಟದ ಲಾರಿಗಳನ್ನು ನಿಲ್ಲಿಸಿದ್ದೆ. ಅವರು ಶೈಲಾಳಿಂದ ಕಪ್ಪು ದಾರ ಇಸಿದುಕೊಂಡು ಒಂದೊಂದು ಲಾರಿಯ ಚಕ್ರವನ್ನೂ ಬಿಗಿದು ಕಟ್ಟಿದರು. ಗಾಡಿ ಹೊರಡುವ ಮೊದಲು ಭೂತಗನ್ನಡಿ ಹಿಡಿದು ಎಂಜಿನ್ನಿನಿಂದ ಕೊನೆಯ ತನಕ ನಡೆದು ಸಂಖ್ಯೆ ಓದಿ, ತಮ್ಮ ಗಾರ್ಡ್ ಪುಸ್ತಕದಲ್ಲಿ ಬರೆಯುತ್ತಿದ್ದರು. ನಿವೃತ್ತಿಯ ದಿನ ಖಾಲಿ ಉಳಿದ ಪುಸ್ತಕವಂತೆ ಅದು. ಬರೆದಾದ ಮೇಲೆ ಹಸಿರು ಬಾವುಟ ತೋರಿಸಿ, ಆರು ಹೆಜ್ಜೆ ನಡೆದು ಕಡಲಪೇಟೆಗೆ ಹೋಗಿ, ಅಲ್ಲಿ ಸ್ಟೇಷನ್ ಮಾಸ್ಟರರಾಗಿ ಅದೇ ಗಾಡಿಯನ್ನು ಬರಮಾಡಿಕೊಳ್ಳುತ್ತಿದ್ದರು. ನನಗೆ ನಗು ಬರುತ್ತಿತ್ತು. ಅವರು ನಗುತ್ತಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬೋರ್ಡು. ಗೂಡ್ಸ್ ಗಾಡಿಯ ಕೊನೆಗೆ ಗಾರ್ಡಿನ ಬ್ರೇಕ್ ವ್ಯಾನ್ ಇರುತ್ತದೆ. ಅದರ ಬೆನ್ನಿಗೆ 'ಇದೇ ಕೊನೆಯದು' ಎಂದು ಸಾರುವ ಹಳದಿ ಫಲಕ. ಗಾಡಿ ಬಂದಾಗ ಸ್ಟೇಷನ್ನಿನವರು ಆ ಫಲಕವನ್ನು ಕಣ್ಣಾರೆ ನೋಡಬೇಕು. ಕಂಡರೆ ಇಡೀ ಗಾಡಿ ಬಂತು, ದಾರಿಯಲ್ಲಿ ಏನೂ ಉಳಿದಿಲ್ಲ ಎಂದು ಅರ್ಥ. ಆಮೇಲೆಯೇ ಹಿಂದಿನಿಂದ ಬರುವ ಗಾಡಿಗೆ ಲೈನ್ ಕೊಡುವುದು, ಅಂದರೆ ಹೊರಡಲು ಒಪ್ಪಿಗೆ. ನನ್ನ ಬ್ರೇಕ್ ವ್ಯಾನಿಗೆ ಫಲಕ ಇರಲಿಲ್ಲ. ಸಂಜೀವಣ್ಣ ಬೆಂಕಿಪೆಟ್ಟಿಗೆಯ ರಟ್ಟು ಕತ್ತರಿಸಿ, ಹಳದಿ ಬಳಿದು ಅಂಟಿಸಿದರು. "ಎಣಿಕೆ ತಪ್ಪಬಹುದು, ಕಣ್ಣು ತಪ್ಪಬಹುದು. ಬೋರ್ಡು ಸುಳ್ಳು ಹೇಳುವುದಿಲ್ಲ ಮಾಷ್ಟ್ರೇ" ಎಂದರು.

ಜುಲೈ ಮುಗಿಯುವ ಹೊತ್ತಿಗೆ ಗೋಡೆಗಳು ಬೆವರತೊಡಗಿದವು. ಹಲಗೆಗೆ ಬೂಷ್ಟು ಬಂತು. ಸುರಂಗದೊಳಗಿನ ಪ್ಲೈವುಡ್ ನೀರು ಕುಡಿದು ಉಬ್ಬಿ, ಹಳಿಯ ಒಂದು ಕೂಡುಜಾಗ ಎದ್ದು ನಿಂತಿತು. ಗಾಡಿ ಅಲ್ಲಿಗೆ ಬಂದಾಗ ಟಕ್ ಎಂದು ಕುಪ್ಪಳಿಸುವ ಸದ್ದನ್ನು ಮೊದಲು ಹಿಡಿದವರು ಸಂಜೀವಣ್ಣನೇ. ಅದನ್ನು ಸರಿ ಮಾಡಬೇಕು, ಅಲ್ಲಿಯ ತನಕ ಆ ಜಾಗದಲ್ಲಿ ನಿಧಾನ ಹೋಗಬೇಕು ಎಂದು ನನಗೆ ಹೇಳಿ ಪುಸ್ತಕದಲ್ಲೂ ಬರೆದರು. ಸರಿ ಮಾಡಬೇಕಾದರೆ ಗುಡ್ಡ ಒಡೆಯಬೇಕಿತ್ತು. ಎರಡು ವಾರದಲ್ಲಿ ನಮ್ಮ ಹವ್ಯಾಸದ ಗೆಳೆಯರು ಆರು ಜನ ನೋಡಲು ಬರುವವರಿದ್ದರು. ಮಂಗಳೂರಿನಿಂದ ಮೂವರು, ಮಣಿಪಾಲದಿಂದ ಇಬ್ಬರು, ಬೆಂಗಳೂರಿನಿಂದ ಒಬ್ಬರು. ಬೆಂಗಳೂರಿನವರು ಇಂಥ ಲೇಔಟುಗಳ ವೀಡಿಯೊ ಮಾಡಿ ಹಾಕುವವರು. ಗುಡ್ಡ ಒಡೆಯಲು ನನಗೆ ಮನಸ್ಸಾಗಲಿಲ್ಲ. ಆಯಿತು, ಮಾಡುತ್ತೇನೆ ಎಂದು ಹೇಳುತ್ತಲೇ ಇದ್ದೆ.

ಅವರು ಬಂದ ಭಾನುವಾರ ತುಳುವರ ಆಟಿ ತಿಂಗಳ ಕೊನೆ, ಆಗಸ್ಟಿನ ನಡು. ಮಳೆ ಬಿಡದೆ ಹೊಯ್ಯುತ್ತಿತ್ತು. ಶೈಲಾ ಕೆಸುವಿನ ಎಲೆಯ ಪತ್ರೊಡೆ ಮಾಡಿದ್ದಳು. ಸಂಜೀವಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದರು. ಬಂದವರೆಲ್ಲ ಅವರ ಪುಸ್ತಕ, ಚೀಟಿ, ಬಾವುಟಗಳನ್ನು ನೋಡಿ ನನ್ನನ್ನೇ ಹೊಗಳಿದರು. ನಾನು ಸುಮ್ಮನೆ ಹೊಗಳಿಸಿಕೊಂಡೆ. ತಪ್ಪು ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನ್ನಿಸುತ್ತದೆ.

ಹನ್ನೊಂದು ಗಂಟೆಗೆ ಗುಡ್ಡದಂಗಡಿಯಿಂದ ಕಲ್ಲಿದ್ದಲಿನ ಗಾಡಿ ಹೊರಟಿತು. ಹದಿನೆಂಟು ವ್ಯಾಗನ್, ಒಂದು ಬ್ರೇಕ್ ವ್ಯಾನ್. ಸಂಜೀವಣ್ಣ ಒಂದೊಂದಕ್ಕೂ ಬೆರಳು ತಾಗಿಸಿ ಎಣಿಸಿ ಬರೆದರು, ಹಸಿರು ತೋರಿಸಿದರು, ಕಡಲಪೇಟೆಗೆ ನಡೆದರು. ನಾನು ಕಂಟ್ರೋಲರಿನ ಉದ್ದ ವಯರು ಎಳೆದುಕೊಂಡು ಗುಡ್ಡದ ಹಿಂದಿನ ಸಂದಿಗೆ ಹೋದೆ. ಭಯ ಇತ್ತಲ್ಲ, ಅದಕ್ಕೇ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಭಯಪಟ್ಟ ಹಾಗೆಯೇ ಆಯಿತು. ಟಕ್ ಎಂದಿತು. ಹದಿನಾಲ್ಕು ವ್ಯಾಗನ್ನು ಮುಂದೆ ಹೋದವು. ಕೊಂಡಿ ಕಳಚಿ ಹಿಂದಿನ ನಾಲ್ಕು ವ್ಯಾಗನ್ನೂ ಬ್ರೇಕ್ ವ್ಯಾನೂ ಸುರಂಗದೊಳಗೆ ನಿಂತುಬಿಟ್ಟವು. ನಾನು ಎಂಜಿನ್ ನಿಲ್ಲಿಸಿದೆ. 'ಗಾಡಿ ತುಂಡಾಯಿತು' ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಗುಡ್ಡದ ಆಚೆ ಕ್ಯಾಮೆರಾ ಕಾಯುತ್ತಿತ್ತು. ಹಿಂದಿನ ಬಾಗಿಲು ತೆಗೆದೆ, ಬ್ರೇಕ್ ವ್ಯಾನನ್ನು ಎರಡು ಬೆರಳಲ್ಲಿ ಎತ್ತಿದೆ, ಹದಿನಾಲ್ಕನೆಯದರ ಬೆನ್ನಿಗೆ ಸಿಕ್ಕಿಸಿದೆ, ಗಾಡಿ ಬಿಟ್ಟೆ. ಉಳಿದ ನಾಲ್ಕನ್ನು ಆಮೇಲೆ ಮೆಲ್ಲಗೆ ತೆಗೆಯೋಣ ಎಂದುಕೊಂಡೆ. ಇಡೀ ಕೆಲಸಕ್ಕೆ ಐದು ಸೆಕೆಂಡು ಹಿಡಿದಿರಬಹುದು. ಪ್ರಯೋಗಾಲಯದಲ್ಲಿ ರೀಡಿಂಗ್ ತಿದ್ದಿದ ಹುಡುಗರ ರೆಕಾರ್ಡಿಗೆ ಕೆಂಪು ಶಾಯಿಯಲ್ಲಿ ಗೀಟು ಹಾಕುವ ಮಾಷ್ಟ್ರು ನಾನು.

ಗಾಡಿ ಕಡಲಪೇಟೆಯಲ್ಲಿ ನಿಂತಿತು. ಸಂಜೀವಣ್ಣ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಮಾಷ್ಟ್ರೇ, ಹದಿನಾಲ್ಕೇ ಉಂಟು. ಹೊರಟದ್ದು ಹದಿನೆಂಟು."

ಆರು ಜನ ನನ್ನ ಮುಖ ನೋಡಿದರು. ನಾನು ನಕ್ಕೆ. ಆ ನಗು ಎಲ್ಲಿಂದ ಬಂತೋ. "ಹೊರಟದ್ದೂ ಹದಿನಾಲ್ಕೇ ಅಲ್ವಾ ಸಂಜೀವಣ್ಣ? ನಾಲ್ಕನ್ನು ಬೆಳಿಗ್ಗೆಯೇ ತೆಗೆದಿರಿಸಿದೆವಲ್ಲ. ಚೀಟಿ ಮಾತ್ರ ಉಳಿದಿರಬೇಕು. ಬೋರ್ಡು ನೋಡಿ, ಉಂಟಲ್ಲ."

ಅವರು ಬಗ್ಗಿ ಬೋರ್ಡು ನೋಡಿದರು. ತಾವೇ ಕತ್ತರಿಸಿ ಬಳಿದ ಹಳದಿ ಬೋರ್ಡು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ನೋಡಿದರು. ಬೋರ್ಡು ಇದೆ ಎಂದರೆ ಗಾಡಿ ಪೂರ್ತಿ ಬಂದಿದೆ. ಪೂರ್ತಿ ಬಂದದ್ದು ಹದಿನಾಲ್ಕಾದರೆ ಹೊರಟದ್ದೂ ಹದಿನಾಲ್ಕೇ. ಹಾಗಾದರೆ ಹದಿನೆಂಟು ಎಂದು ಬರೆದ ಕೈ ತಪ್ಪು. ಅವರ ಲೆಕ್ಕ ಹಾಗೆ ಹೋಯಿತು. ಮೂವತ್ತನಾಲ್ಕು ವರ್ಷ ಬ್ರೇಕ್ ವ್ಯಾನಿನೊಳಗೆ ಕುಳಿತು ಘಟ್ಟ ಹತ್ತಿ ಇಳಿದ ಮನುಷ್ಯನಿಗೆ, ಅದನ್ನು ಯಾರಾದರೂ ಎರಡು ಬೆರಳಲ್ಲಿ ಎತ್ತಿ ಬೇರೆ ಕಡೆ ಇಡಬಹುದು ಎಂದು ಹೊಳೆಯಲೇ ಇಲ್ಲ. ಅಷ್ಟು ನಿಜವಾಗಿತ್ತು ಅವರಿಗೆ ನನ್ನ ಆಟ.

"ಲೈನ್ ಕ್ಲಿಯರ್" ಎಂದರು. ಸ್ವರ ಸಣ್ಣದಾಗಿತ್ತು.

ಹಿಂದಿನಿಂದ ಹೊರಟ ಗಾಡಿ ಬೆಂಗಳೂರಿನವರದ್ದು. ಟ್ಯಾಂಕರುಗಳಿಗೆ ತಮ್ಮದೇ ಹೊಸ ಎಂಜಿನ್ ಕಟ್ಟಿ ತಾವೇ ಓಡಿಸುತ್ತಿದ್ದರು. ಆಗಲೇ ಮಣಿಪಾಲದ ಗೆಳೆಯರೊಬ್ಬರು ಕ್ಯಾಮೆರಾ ಹಿಡಿದು ಗುಡ್ಡದ ಹಿಂದಕ್ಕೆ ಬಂದುಬಿಟ್ಟರು. ಇನ್ನು ಕೈ ಹಾಕುವಂತಿಲ್ಲ. 'ನಿಲ್ಲಿಸಿ' ಎನ್ನಬಹುದಿತ್ತು. ಎನ್ನಲಿಲ್ಲ. ಗಾಡಿ ಸುರಂಗ ಹೊಕ್ಕಿತು. ಬಡಿದ ಸದ್ದಾಯಿತು. ಎಂಜಿನ್ ನಿಂತ ವ್ಯಾಗನ್ನುಗಳ ಮೇಲೆ ಹತ್ತಿ, ನಾನು ಮುಚ್ಚಲು ಮರೆತಿದ್ದ ಹಿಂದಿನ ಬಾಗಿಲಿನಿಂದ ಹೊರಗೆ ಹಾರಿ, ಕೆಳಗೆ ಒಣಗಲು ಹಾಕಿದ್ದ ನನ್ನ ಲುಂಗಿಗೆ ತಾಗಿ ನೆಲಕ್ಕೆ ಬಿತ್ತು. ಮುಂದಿನ ಮೂತಿ ಒಡೆದಿತ್ತು.

"ಒಳಗೆ ಡಬ್ಬಿ ಉಂಟಾ? ಲೈನ್ ಕೊಟ್ಟದ್ದು ಯಾರು?" ಎಂದು ಮಂಗಳೂರಿನವರು ಯಾರೋ ಕೇಳಿದರು.

ನಾನು ಹೇಳಿದ ಮಾತು ಅಕ್ಷರ ಅಕ್ಷರ ನೆನಪಿದೆ. "ಬೆಳಿಗ್ಗೆ ತೆಗೆದ ನಾಲ್ಕು ಡಬ್ಬಿ ಟನೆಲ್ಲಿನಲ್ಲೇ ಬಾಕಿಯಾಗಿದೆ ಕಾಣ್ತದೆ. ಸಂಜೀವಣ್ಣ ನೋಡಬೇಕಿತ್ತು." ಅಲ್ಲಿಗೆ ನಿಲ್ಲಿಸಬಹುದಿತ್ತಲ್ಲ? ದನಿ ತಗ್ಗಿಸಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಸೇರಿಸಿದೆ: "ವಯಸ್ಸಾಯಿತಲ್ಲ, ಈಗೀಗ ಲೆಕ್ಕ ತಪ್ಪುತ್ತದೆ. ಪಾಪ."

ಆ 'ಪಾಪ' ಎಂಬ ಮಾತಿಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಡಬ್ಬಿಗಳು ಬೆಳಿಗ್ಗೆಯಿಂದ ಅಲ್ಲೇ ಇದ್ದರೆ ಕಲ್ಲಿದ್ದಲಿನ ಗಾಡಿ ಹೇಗೆ ದಾಟಿತು ಎಂದು ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ದೊಡ್ಡ ಮನಸ್ಸಿನಿಂದ ಪರವಾಗಿಲ್ಲ, ಆಟವಲ್ಲವೇ ಎಂದರು. ಸಂಜೀವಣ್ಣ ಮಾತ್ರ ಕಡಲಪೇಟೆಯ ಬದಿಯ ಸ್ಟೂಲಿನಲ್ಲಿ ಕುಳಿತು ಪುಸ್ತಕ ತೆಗೆದು ಏನೋ ಬರೆದರು. ಬೆಂಗಳೂರಿನವರ ಬಳಿ ಹೋಗಿ ಕೈ ಮುಗಿದು "ನನ್ನಿಂದ ತಪ್ಪಾಯಿತು" ಎಂದರು. ಪತ್ರೊಡೆಯನ್ನು ತಟ್ಟೆಯಲ್ಲಿ ಹಾಗೆಯೇ ಬಿಟ್ಟರು. ಪ್ರತಿ ವಾರ ಹೊರಡುವಾಗ ನಮ್ಮವರ ಕ್ರಮದಂತೆ ತುಳುವಿನಲ್ಲಿ 'ಬರ್ಪೆ', ಅಂದರೆ ಬರುತ್ತೇನೆ, ಎಂದು ಹೇಳಿ ಮೆಟ್ಟಿಲಿಳಿಯುತ್ತಿದ್ದರು. ಅವತ್ತು "ಹೊರಡ್ತೇನೆ ಮಾಷ್ಟ್ರೇ" ಎಂದರು. ಕೊಡೆಯನ್ನೂ ಮರೆತು ಹೋದರು. ಶೈಲಾ ಅದನ್ನು ಹಿಡಿದು ಗೇಟಿನ ತನಕ ಓಡಿದಳು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದಕ್ಕಿಂತ ಮೊದಲು, ಸೋಮವಾರ ಬೆಳಿಗ್ಗೆಯೇ, ಹೆದ್ದಾರಿಯಲ್ಲಿ ಅವರ ಜಾಗ ಖಾಲಿಯಿತ್ತು. ಜ್ವರ ಇರಬಹುದು ಎಂದುಕೊಂಡೆ. ವಾರ ಕಳೆಯಿತು. ಹೆಂಗಸರು ಒಬ್ಬರ ಸೆರಗನ್ನು ಒಬ್ಬರು ಹಿಡಿದುಕೊಂಡು, ಎರಡು ಲಾರಿಗಳ ನಡುವಿನ ಸಂದು ನೋಡಿ ಓಡುತ್ತಿದ್ದರು. ಒಂದು ದಿನ ನಾನು ಸ್ಕೂಟರ್ ನಿಧಾನಿಸಿದಾಗ ಅವರಲ್ಲೊಬ್ಬರು ಗುರುತು ಹಿಡಿದು ಕೇಳಿದರು. "ನಮ್ಮ ಬಾವುಟದ ಅಜ್ಜ ಎಲ್ಲಿ ಹೋದ್ರು? ನೀವು ಅವರೊಟ್ಟಿಗೆ ಮಾತಾಡ್ತಿದ್ರಲ್ಲ?" ನನಗೆ ಗೊತ್ತಿಲ್ಲ ಎಂದು ಹೇಳಿ ಗಾಡಿ ಬಿಟ್ಟೆ. ಮರುದಿನದಿಂದ ಒಳದಾರಿಯಲ್ಲಿ ಹೋಗತೊಡಗಿದೆ. ಎರಡು ಕಿಲೋಮೀಟರ್ ಸುತ್ತು.

ಸೆಪ್ಟೆಂಬರಿನಲ್ಲಿ ಮಮತಾ ಫೋನ್ ಮಾಡಿದಳು. "ಸರ್, ಅಪ್ಪ ನಿಮ್ಮಲ್ಲಿ ಎಂತಾದರೂ ಹೇಳಿದ್ದಾರಾ? ರಸ್ತೆಗೆ ಹೋಗುವುದೇ ಇಲ್ಲ. 'ಡಬ್ಬಿ ಎಣಿಸಲಿಕ್ಕೆ ಬಾರದವ ಮಕ್ಕಳನ್ನು ಹೇಗೆ ಎಣಿಸುವುದು' ಅಂತಾರೆ. ಮಣಿಪಾಲಕ್ಕೆ ಕರ್ಕೊಂಡು ಹೋಗಿ ಕಣ್ಣು ತೋರಿಸಿದೆ. ಕಣ್ಣು ಸರಿ ಉಂಟು ಅಂದ್ರು. ಅದು ಕೇಳಿದ ಮೇಲೆ ಇನ್ನೂ ಜಾಸ್ತಿ ಹೆದರಿದ್ದಾರೆ. ಕಣ್ಣು ಸರಿ ಇದ್ದರೆ ತಲೆಯೇ ಹೋಗಿರಬೇಕು ಅಂತ. ಗ್ಯಾಸ್ ಬಂದ್ ಮಾಡಿದ್ದೇನಾ ಅಂತ ಮೂರು ಸಲ ಕೇಳ್ತಾರೆ. ಬೆಳಿಗ್ಗೆ ಮಾಡಿದ ಕೆಲಸವನ್ನೆಲ್ಲ ಚೀಟಿಯಲ್ಲಿ ಬರೆದು ಇಟ್ಕೊಳ್ತಾರೆ."

ಇಲ್ಲದ ಒಂದು ಬೆಳಗನ್ನು ನಾನು ಅವರ ತಲೆಯೊಳಗೆ ಇಟ್ಟಿದ್ದೆ. ನಾಲ್ಕು ವ್ಯಾಗನ್ ತೆಗೆದಿರಿಸಿದ ಬೆಳಗು. ಅದು ನೆನಪಿಗೆ ಬರಲಿಲ್ಲ ಎಂದು ಅವರು ನೆನಪನ್ನೇ ಶಂಕಿಸುತ್ತಿದ್ದರು. ನಡೆಯದೇ ಇದ್ದದ್ದು ಯಾರಿಗೆ ನೆನಪಾಗುತ್ತದೆ? ಆ ಕ್ಷಣವೇ ಹೇಳಿಬಿಡಬೇಕಿತ್ತು. ನಾನು ಹೇಳಿದ್ದು ಇಷ್ಟು: "ವಯಸ್ಸಾದವರಿಗೆ ಹಾಗೆ ಆಗ್ತದೆ ಮಮತಾ, ವಿಶ್ರಾಂತಿ ತೆಗೆದುಕೊಳ್ಳಲಿ." ಫೋನ್ ಇಟ್ಟ ಮೇಲೆ ನೋಡಿದರೆ ಶೈಲಾ ಬಾಗಿಲಲ್ಲಿ ನಿಂತಿದ್ದಳು.

"ಅವತ್ತು ಬೆಳಿಗ್ಗೆ ನಾಲ್ಕು ಡಬ್ಬಿ ತೆಗೆದದ್ದು ಯಾವಾಗ? ಬೆಳಿಗ್ಗೆ ನೀವಿಬ್ಬರೂ ಕೆಳಗೆ ನನ್ನೊಟ್ಟಿಗೆ ಕೆಸುವಿನ ಎಲೆ ಒರೆಸ್ತಾ ಇದ್ದಿರಲ್ಲ" ಎಂದಳು. ಅವಳು ಮತ್ತೆ ಕೇಳಲಿಲ್ಲ. ಅಂದಿನಿಂದ ಮಹಡಿಯ ಕೋಣೆಗೆ ಬಟ್ಟೆ ಒಣಗಿಸಲು ಬರುವುದನ್ನೂ ಬಿಟ್ಟಳು. ಒದ್ದೆ ಬಟ್ಟೆಗಳು ಊಟದ ಮೇಜಿನ ಸುತ್ತ ಕುರ್ಚಿಗಳ ಮೇಲೆ ಬಂದು ಕುಳಿತವು.

ಅದಾದ ಮೇಲೂ ಒಂದು ತಿಂಗಳು ತಳ್ಳಿದೆ ಎಂದು ಬರೆಯಲು ಕೈ ಹಿಂಜರಿಯುತ್ತದೆ. ನವರಾತ್ರಿ ಕಳೆಯಲಿ ಎಂದೆ. ಮಳೆ ಬಿಡಲಿ ಎಂದೆ. ದೀಪಾವಳಿಗೆ ಮೊದಲಿನ ಭಾನುವಾರ, ಇನ್ನು ಹೇಳಿಕೊಳ್ಳಲು ನೆಪ ಸಿಗದೆ, ಬ್ರೇಕ್ ವ್ಯಾನನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಾಪುವಿಗೆ ಹೋದೆ.

ಸಂಜೀವಣ್ಣ ಜಗಲಿಯಲ್ಲಿ ಕುಳಿತಿದ್ದರು. ಸೊರಗಿದ್ದರು. ನನ್ನನ್ನು ಕಂಡು ಮುಖ ಅರಳಿತು. ಅದು ಇನ್ನೂ ಕಷ್ಟವಾಯಿತು. ತುಳುವಿನಲ್ಲಿ ಕುಳಿತುಕೊಳ್ಳಿ ಎಂದರು, ಶೈಲಾಳನ್ನು ವಿಚಾರಿಸಿದರು, ಮಮತಾಳಿಗೆ ಚಾ ಮಾಡಲು ಹೇಳಿದರು. ನಾನು ಬ್ರೇಕ್ ವ್ಯಾನನ್ನು ಅವರ ಎದುರಿನ ಸ್ಟೂಲಿನ ಮೇಲಿಟ್ಟೆ. ಎರಡು ಬೆರಳಲ್ಲಿ ಎತ್ತಿ, ಒಂದು ಗೇಣು ಆಚೆ ಇಟ್ಟು ತೋರಿಸಿದೆ.

"ಅವತ್ತು ಟನೆಲ್ಲಿನೊಳಗೆ ನಾನು ಹೀಗೆ ಮಾಡಿದೆ ಸಂಜೀವಣ್ಣ."

ಅವರು ನನ್ನ ಬೆರಳುಗಳನ್ನು ನೋಡಿದರು. ವ್ಯಾನನ್ನು ನೋಡಿದರು. ಆಮೇಲೆ ತಾವೇ ಎರಡು ಬೆರಳಲ್ಲಿ ಅದನ್ನು ಎತ್ತಿ, ಎಷ್ಟು ಹಗುರ ಎಂದು ತೂಗಿದರು. ಮುಂದೆ ಅವರು ಆಡಿದ್ದೆಲ್ಲ ಕನ್ನಡದಲ್ಲಿ.

"ಹೊರಟದ್ದು ಹದಿನೆಂಟು?"

"ಹದಿನೆಂಟು."

"ಬಂದದ್ದು ಹದಿನಾಲ್ಕು?"

"ಹದಿನಾಲ್ಕು."

"ಬೆಳಿಗ್ಗೆ ನಾಲ್ಕು ತೆಗೆದದ್ದು?"

"ತೆಗೆಯಲೇ ಇಲ್ಲ. ನಾನು ಹೇಳಿದ ಸುಳ್ಳು."

ಅವರು ಎದ್ದು ಒಳಗೆ ಹೋದರು. ಮಮತಾ ಚಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಮೂರು ತಿಂಗಳು ಸರ್" ಎಂದಳು, ಅಷ್ಟೇ. ಲೋಟವನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟು ಹೋದಳು. ಬೈದಿದ್ದರೆ ಆಗುತ್ತಿತ್ತು.

ಸಂಜೀವಣ್ಣ ಗಾರ್ಡ್ ಪುಸ್ತಕ ತಂದು ಆ ದಿನದ ಪುಟ ತೆಗೆದರು. ಹದಿನೆಂಟು ಸಂಖ್ಯೆಗಳ ಕೆಳಗೆ ಅವರ ಓರೆ ಅಕ್ಷರದಲ್ಲಿ ಹೀಗಿತ್ತು: 'ಹದಿನಾಲ್ಕು ಇದ್ದದ್ದನ್ನು ಹದಿನೆಂಟು ಎಂದು ಬರೆದೆ. ಸೆಕ್ಷನ್ನಿನಲ್ಲಿ ಡಬ್ಬಿ ಇರುವಾಗ ಲೈನ್ ಕೊಟ್ಟೆ. ತಪ್ಪು ನನ್ನದು.' ಕೆಳಗೆ ಸಹಿ, ಸಮಯ.

ನಾನು ಆ ಪುಟವನ್ನು ಹರಿದುಬಿಡೋಣ ಎಂದೆ. ಅವರಿಗೆ ಸಿಟ್ಟು ಬಂದದ್ದು ಆಗಲೇ.

"ಹರಿಯುವುದಾ? ಪುಸ್ತಕದ ಹಾಳೆ ಹರಿಯುವುದು ಎಲ್ಲಿಯಾದರೂ ಉಂಟಾ? ಒಂದು ಗೀಟು ಹಾಕಿ. ಅಡಿಯದ್ದು ಓದಲಿಕ್ಕೆ ಬರಬೇಕು. ಕೆಳಗೆ ಸರಿಯಾದದ್ದು ಬರೆಯಿರಿ. ನೀವೇ ಬರೆಯಿರಿ."

ಗೀಟು ಹಾಕಿದೆ. 'ಬ್ರೇಕ್ ವ್ಯಾನಿನ ಸ್ಥಾನ ಬದಲಾಗಿದ್ದ ಕಾರಣ ಗೊಂದಲ ಉಂಟಾಯಿತು' ಎಂದು ಬರೆದು ಕೊಟ್ಟೆ. ಅವರು ಓದಿ ಪುಸ್ತಕವನ್ನು ಹಿಂದಕ್ಕೆ ನೂಕಿದರು. "ವ್ಯಾನಿಗೆ ಕಾಲು ಇಲ್ಲವಲ್ಲ ಮಾಷ್ಟ್ರೇ." ಅದಕ್ಕೂ ಗೀಟು ಬಿತ್ತು. ಮತ್ತೆ ಬರೆದೆ: 'ಬ್ರೇಕ್ ವ್ಯಾನನ್ನು ನಾನು ಕೈಯಿಂದ ಎತ್ತಿ ಇಟ್ಟೆ. ಸಂಜೀವಣ್ಣನ ಎಣಿಕೆ ಎರಡು ಸಲವೂ ಸರಿಯಿತ್ತು. ಎಲ್ಲರೆದುರು ಅವರ ಮೇಲೆ ಸುಳ್ಳು ಹೇಳಿದೆ.' ಸಹಿ ಹಾಕಿದೆ. ಅವರು ಸಮಯವನ್ನೂ ಬರೆಸಿದರು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು, "ಮಮತಾ, ಗ್ಯಾಸ್ ನಾನು ಬಂದ್ ಮಾಡಿದ್ದೆ. ಇನ್ನು ನೀನು ನೋಡ್ಲಿಕ್ಕೆ ಹೋಗಬೇಡ" ಎಂದು ಒಳಗೆ ಕೂಗಿ ಹೇಳಿದರು. ಮಗಳೊಂದಿಗೂ ಕನ್ನಡದಲ್ಲಿ ಮಾತಾಡಿದ್ದು ಅವರ ಗಮನಕ್ಕೆ ಬರಲಿಲ್ಲ.

ನಾನು ಹೊರಡುವಾಗ ಅವರು ಒಂದೇ ಮಾತು ಹೇಳಿದರು. "ಅಲ್ಲಿ ಆರು ಜನ ಇದ್ದರಲ್ಲ." ಮನೆಗೆ ಬಂದು ಆ ಪುಟದ ಮಾತನ್ನೇ ನಮ್ಮ ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಇಬ್ಬರು ನಗುವ ಚಿತ್ರ ಹಾಕಿದರು. 'ಅಯ್ಯೋ ಬಿಡಿ ಸರ್, ಕೈ ಹಾಕದವರು ಯಾರಿದ್ದಾರೆ' ಎಂದು ಬೆಂಗಳೂರಿನವರು ಬರೆದರು. ಅವರಿಗೆ ಅದು ಆಟವಾಗಿತ್ತು. ನನಗೂ ಆಟವೇ ಆಗಿದ್ದರಿಂದಲೇ ಇಷ್ಟೆಲ್ಲ ಆದದ್ದು.

ಸಂಜೀವಣ್ಣ ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾನು ಗುಡ್ಡ ಒಡೆದು ಹಳಿ ಸರಿ ಮಾಡಿದೆ. ಹಿಂದಿನ ಬಾಗಿಲಿಗೆ ಮೊಳೆ ಹೊಡೆದೆ. ಗಾಡಿಗಳು ಈಗಲೂ ಚೀಟಿಯ ಪ್ರಕಾರವೇ ಓಡುತ್ತವೆ, ಟ್ಯಾಂಕರಿನ ಮುಂದೆ ಬೇರೆ ಡಬ್ಬಿ ಇರುತ್ತದೆ. ಆದರೆ ಕಲ್ಲಿದ್ದಲಿನ ಗಾಡಿ ಕಡಲಪೇಟೆಗೆ ಬಂದಾಗ ಎಣಿಸುವವರಿಲ್ಲ. ನಾನು ಎಣಿಸಬಹುದು. ನನ್ನ ಎಣಿಕೆಯನ್ನು ನಾನೇ ನಂಬುವುದಿಲ್ಲ.

ಟೈಲರ್ ಪ್ಯಾಂಟು ಮಡಚಿ ಕೊಟ್ಟ. ಮಳೆ ಸ್ವಲ್ಪ ಇಳಿದಿತ್ತು, ಗಂಟೆ ನಾಲ್ಕೂಕಾಲು. ಸ್ಕೂಟರನ್ನು ರಸ್ತೆಯ ಆಚೆ ನಿಲ್ಲಿಸಿದ್ದೆ. ಆ ದೀಪಾವಳಿಯ ನಂತರ ಮತ್ತೆ ರಸ್ತೆಗೆ ಬರತೊಡಗಿದ್ದ ಸಂಜೀವಣ್ಣ ಹಳದಿ ರೇನ್‌ಕೋಟ್ ಹಾಕಿ ಹೆದ್ದಾರಿಯ ನಡುವೆ ನಿಂತಿದ್ದರು. ಎರಡು ವರ್ಷದಲ್ಲಿ ಅವರೆದುರು ನಡೆದು ದಾಟುವ ಪ್ರಸಂಗ ನನಗೆ ಬಂದಿರಲಿಲ್ಲ, ಬಾರದ ಹಾಗೆ ನೋಡಿಕೊಂಡಿದ್ದೆ. ಹೆಂಗಸರ ಹಿಂದೆ, ಮಕ್ಕಳ ಹಿಂದೆ, ಎಲ್ಲರಿಗಿಂತ ಕೊನೆಗೆ ಹೋಗಿ ನಿಂತೆ. ಅವರು ಕೆಂಪು ಬಿಚ್ಚಿದರು. ಎರಡೂ ಕಡೆಯ ಬಸ್ಸು ಲಾರಿಗಳು ನಿಂತವು. ನಾವು ದಾಟಿದೆವು. ನಾನು ಹತ್ತಿರ ಬಂದಾಗ ಅವರು ನನ್ನ ಮುಖ ನೋಡಲಿಲ್ಲ. ನನ್ನ ಬೆನ್ನ ಹಿಂದೆ ಇನ್ನು ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದರು.

"ಹನ್ನೊಂದು" ಎಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ, ನಾನು ಆಚೆ ಮುಟ್ಟಿದ ಮೇಲೆ ಹಸಿರು ಬಿಚ್ಚಿದರು.

ಮುಂದೆ ಹೋಗುತ್ತಿದ್ದವರ ಬೆನ್ನುಗಳು ಕಂಡವು. ನಾನು ಎಣಿಸಲಿಲ್ಲ. ಅವರು ಹನ್ನೊಂದು ಎಂದ ಮೇಲೆ ಹನ್ನೊಂದೇ.